ಗಾಳಿಗೆ ಎದ್ದ ಕೈಗಳು

ಹಲ್ಲಣ್ಣನಿಗೆ ಅವನ ಬಲಗೈ ಮೊದಲ ಸಲ ಕೈಕೊಟ್ಟದ್ದು ಒಂದು ದವಡೆಹಲ್ಲಿನ ಕೆಲಸದ ನಡುವೆ. ಇಪ್ಪತ್ತಾರು ವರ್ಷಗಳಿಂದ ಅವನು ಹಲ್ಲು ಕಟ್ಟುವವನು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಿದ್ದರು. ಇವನು ಕಿಟಕಿಯ ಪಕ್ಕದ ಮೇಜಿಗೆ ಕೂತು ಪ್ಲಾಸ್ಟರ್ ಕಲಸಿ ಹೊಯ್ದು, ಮೇಣದಲ್ಲಿ ಒಸಡು ಕೊರೆದು, ಹಲ್ಲುಗಳನ್ನು ಒಂದೊಂದಾಗಿ ಕೂರಿಸುತ್ತಿದ್ದ. ಯಾರ ಹಲ್ಲು ಎಷ್ಟು ಹಳದಿ ಇರಬೇಕೆಂಬುದು ಮುಖ ನೋಡಿದರೆ ಅವನಿಗೆ ತಿಳಿಯುತ್ತಿತ್ತು. “ಅರವತ್ತು ದಾಟಿದವರಿಗೆ ಹಾಲಿನಂಥ ಹಲ್ಲು ಕಟ್ಟಿದ್ರೆ, ಬಾಯಿ ಬಿಟ್ಟಾಗೆಲ್ಲ ಸುಳ್ಳು ಹೇಳಿದ ಹಾಗೆ ಕಾಣುತ್ತೆ” ಎನ್ನುತ್ತಿದ್ದ. ಆ ದಿನ ಮೇಣ ಕೊರೆಯುವ ಚಾಕು ಬೆರಳ ಸಂದಿನಿಂದ ಜಾರಿ ಬಿತ್ತು. ಎತ್ತಿಕೊಂಡ. ಮತ್ತೆ ಬಿತ್ತು. ಮೂರನೆಯ ಸಲ ಎತ್ತಿಕೊಳ್ಳಲು ಬೆರಳುಗಳು ಒಂದುಗೂಡಲೇ ಇಲ್ಲ.

ವರ್ಷ ತುಂಬುವಷ್ಟರಲ್ಲಿ ಎರಡೂ ತೋಳುಗಳು ಹೆಗಲಿಂದ ಸುಮ್ಮನೆ ಜೋತುಬಿದ್ದವು. ನರಗಳು ಒಂದೊಂದಾಗಿ ಸಾಯುವ ಕಾಯಿಲೆ. ಕೈ ಆಯಿತು, ಇನ್ನು ಕಾಲು, ಆಮೇಲೆ ಕುತ್ತಿಗೆ, ನುಂಗುವುದು, ಉಸಿರು. ನರಗಳ ಡಾಕ್ಟರಮ್ಮ ಒಳ್ಳೆಯ ಹೆಂಗಸು, ಸುಳ್ಳು ಹೇಳಲಿಲ್ಲ. ಹೊರಗೆ ಬಂದ ಮೇಲೆ ಅಕ್ಕ ಗೋಡೆಗೆ ಒರಗಿ ನಿಂತು, “ಡಾಕ್ಟರೇ ಕೈ ಎತ್ತಿಬಿಟ್ರಲ್ಲೋ” ಎಂದಳು.

“ಎತ್ತೋಕೆ ಅವರಿಗೆ ಕೈಯಾದ್ರೂ ಇದೆ, ಬಿಡಕ್ಕ” ಎಂದ ಹಲ್ಲಣ್ಣ.

ಅಕ್ಕ ನಗಲಿಲ್ಲ. ಅವಳು ಅವನಿಗಿಂತ ಹನ್ನೊಂದು ವರ್ಷ ದೊಡ್ಡವಳು. ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಳಾದವಳು. ಒದ್ದೆ ಹೊದಿಕೆಗಳನ್ನು ಎತ್ತಿ ಎತ್ತಿ ಅವಳ ತೋಳುಗಳು ಇನ್ನೂ ಗಂಡಸಿನ ತೋಳಿನಂತಿದ್ದವು. ಅಮ್ಮ ಹೋದ ಮೇಲೆ ತಮ್ಮನಿಗೆ ಉಣ್ಣಿಸಿ, ತಲೆ ಬಾಚಿ, ಶಾಲೆಗೆ ಕಳಿಸಿದ್ದು ಅವಳೇ. ಈಗ ನಲವತ್ತೆಂಟರ ತಮ್ಮನಿಗೆ ಅದನ್ನೇ ಮತ್ತೆ ಮಾಡಲು ತನ್ನ ಮನೆಗೆ ಬೀಗ ಹಾಕಿ ಬಂದಳು. ಅಂಗಿಯ ಗುಂಡಿ ಹಾಕುವುದು, ಗಡ್ಡ ಹೆರೆಯುವುದು, ಮಿಕ್ಕದ್ದು. ಆ ಮಿಕ್ಕದ್ದರ ಹೊತ್ತಿಗೆ ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಅವಳು ಯಾವುದೋ ಕಾಲದಲ್ಲಿ ಒಗೆಯುವ ಯಂತ್ರದೊಳಗೆ ಸರ್ಜನ್ನರ ಕನ್ನಡಕ ಸಿಕ್ಕ ಕಥೆಯನ್ನು ನೂರನೆಯ ಸಲ ಹೇಳುತ್ತಿದ್ದಳು.

ಪ್ಯಾರಾಶೂಟ್ ಕಟ್ಟಿಕೊಂಡು ವಿಮಾನದಿಂದ ಹಾರುವ ಯೋಚನೆ ಅಕ್ಕನದೇ. “ಆಗೋದು ಏನಾದ್ರೂ ಇದ್ರೆ ಈಗಲೇ ಮಾಡಿಬಿಡಿ” ಎಂದು ಡಾಕ್ಟರಮ್ಮ ಹೇಳಿದ್ದ ಮಾತನ್ನು ಅವಳು ಔಷಧಿ ಚೀಟಿಯ ಹಾಗೆ ತೆಗೆದುಕೊಂಡಿದ್ದಳು. ವ್ಯಾಯಾಮ ಮಾಡಿಸುವ ಕೋಣೆಯ ಗೋಡೆಯಲ್ಲಿ ಒಂದು ಜಾಹೀರಾತು ಇತ್ತು: ಇಬ್ಬರು ಒಬ್ಬರಿಗೊಬ್ಬರು ಕಟ್ಟಿಕೊಂಡು ಮೋಡದ ಮೇಲೆ ಮಲಗಿದ ಚಿತ್ರ.

“ನಿನಗೆ ತಲೆ ಕೆಟ್ಟಿದ್ಯಾ? ಮಹಡಿ ಮೆಟ್ಟಿಲು ಇಳಿಯೋಕೆ ಹೆದರೋಳು ನೀನು” ಎಂದ ಹಲ್ಲಣ್ಣ.

“ನಾನಲ್ಲ, ನೀನು. ಕೈ ಬೇಡದೇ ಇರೋ ಕೆಲಸ ಏನಿದೆ ಅಂತ ವಾರಗಟ್ಟಲೆ ಯೋಚನೆ ಮಾಡಿದೆ ಕಣೋ. ಬೀಳೋದೊಂದೇ ಹೊಳೆದಿದ್ದು.”

ಅವನು ಒಪ್ಪಿಕೊಂಡ. ಅಕ್ಕನ ಮುಖ ನೋಡಿ ಒಪ್ಪಿದ್ದೇನೋ ನಿಜ. ಆದರೆ ಒಳಗೆ ಬೇರೆಯೇ ಒಂದು ಲೆಕ್ಕ ಇತ್ತು. ಒಪ್ಪಿಗೆ ಪತ್ರದ ನಾಲ್ಕು ಹಾಳೆಗಳನ್ನು ಅಕ್ಕ ಓದಿ ಹೇಳುತ್ತಿದ್ದಾಗ, ‘ಪ್ರಾಣಾಪಾಯವೂ ಸಂಭವಿಸಬಹುದು’ ಎಂಬ ಸಾಲು ಬಂತು. ಇಡೀ ವರ್ಷದಲ್ಲಿ ಅವನ ಕಿವಿಗೆ ಹಿತವಾಗಿ ಬಿದ್ದ ಮಾತು ಅದೊಂದೇ. ಕುತ್ತಿಗೆ, ಎದೆ ಇನ್ನೂ ಗಟ್ಟಿಯಾಗಿವೆ ಎಂದು ಡಾಕ್ಟರಮ್ಮ ಬರೆದುಕೊಟ್ಟಳು. ಅಕ್ಕ ಅವನ ಹೆಬ್ಬೆಟ್ಟನ್ನು ಶಾಯಿಗೆ ಒತ್ತಿ, ಹಾಳೆಗೆ ಒತ್ತಿ, ಒದ್ದೆ ಬಟ್ಟೆಯಲ್ಲಿ ಒರೆಸಿದಳು.

ವಿಮಾನದ ಮೈದಾನ ಊರಿನಿಂದ ಎರಡು ಗಂಟೆಯ ದಾರಿ. ತಗಡಿನ ದೊಡ್ಡ ಶೆಡ್ಡು, ನೆಲದ ತುಂಬ ಬಣ್ಣಬಣ್ಣದ ಬಟ್ಟೆ ಹರಡಿಕೊಂಡು ಮಡಚುತ್ತಿದ್ದ ಜನ, ಮೂಲೆಯಲ್ಲೊಂದು ಹಳೆಯ ಸೋಫಾ. ಮಡಚುವವರ ಕೈಚಳಕವನ್ನು ಅಕ್ಕ ಕಣ್ಣು ಕೀಳದೆ ನೋಡಿದಳು. ಹೊದಿಕೆ ಮಡಚಿದವಳಿಗೆ ತಪ್ಪು ಮಡಿಕೆ ದೂರದಿಂದಲೇ ಕಾಣುತ್ತದೆ. ಒಂದೂ ಕಾಣಲಿಲ್ಲವಂತೆ. ಅಷ್ಟಕ್ಕೇ ಅವಳಿಗೆ ಅರ್ಧ ಧೈರ್ಯ ಬಂತು.

ಅವರನ್ನು ಎದುರುಗೊಂಡವರು ಇಬ್ಬರು. ಹಲ್ಲಣ್ಣನನ್ನು ಎದೆಗೆ ಕಟ್ಟಿಕೊಂಡು ಹಾರಬೇಕಾದವನು ನಲವತ್ತರ ಆಸುಪಾಸಿನ, ಬಾಗಿಲ ತುಂಬ ಇದ್ದ ಮನುಷ್ಯ. ಎಲ್ಲರೂ ಅವನನ್ನು ಮೇಷ್ಟ್ರು ಎನ್ನುತ್ತಿದ್ದರು. ಇನ್ನೊಬ್ಬಳು ಹೆಲ್ಮೆಟ್ಟಿಗೆ ಕ್ಯಾಮೆರಾ ಸಿಕ್ಕಿಸಿಕೊಂಡು ಜೊತೆಯಲ್ಲೇ ಹಾರಿ ಚಿತ್ರ ತೆಗೆಯುವವಳು. ಕೈ ಕುಲುಕಲು ಬಂದ ಮೇಷ್ಟ್ರು ಹಲ್ಲಣ್ಣನ ತೋಳು ನೋಡಿ ತಡವರಿಸಲಿಲ್ಲ. ಬಗ್ಗಿ, ಜೋತ ಕೈಯನ್ನು ತಾನೇ ಎತ್ತಿಕೊಂಡು ಕುಲುಕಿ, ಮೆಲ್ಲಗೆ ಇದ್ದಲ್ಲೇ ಬಿಟ್ಟ.

“ಕಾಲು ಎಷ್ಟು ಎತ್ತಬಲ್ಲಿರಿ ಅಣ್ಣ? ಇಳಿಯುವಾಗ ಮಂಡಿ ಎದೆ ಹತ್ರ ಬರಬೇಕು.”

ಚಾಪೆಯ ಮೇಲೆ ಕೂತು ಹಲ್ಲಣ್ಣ ಎತ್ತಿದ. ಬಲಗಾಲು ಒಂದು ಗೇಣು ಬಂತು. ಎಡಗಾಲು ಬರಲೇ ಇಲ್ಲ. ಕಾಲಿನ ಸರದಿಯೂ ಶುರುವಾಗಿದೆ ಎಂದು ಅವನಿಗೆ ಖಚಿತವಾದದ್ದು ಆ ಚಾಪೆಯ ಮೇಲೆಯೇ. ಅಕ್ಕನೂ ನೋಡಿದಳು.

“ಅದಕ್ಕೇನಂತೆ” ಎಂದು ಮೇಷ್ಟ್ರು ಅವನ ಮಂಡಿಗಳ ಕೆಳಗೆ ಅಗಲವಾದ ಪಟ್ಟಿಗಳನ್ನು ತೊಡಿಸಿದ. ಪಟ್ಟಿಗಳ ತುದಿ ಮೇಷ್ಟ್ರ ಕೈಯಲ್ಲಿ. ಎಳೆದರೆ ಕಾಲು ಮೇಲಕ್ಕೆ. ಕ್ಯಾಮೆರಾದವಳು ಚಾಪೆಯ ಮೇಲೆ ತಾನೂ ಮಲಗಿ, ತಲೆ ಎಲ್ಲಿಡಬೇಕು, ಉಸಿರು ಹೇಗೆ ಬಿಡಬೇಕು ಎಂದು ತೋರಿಸಿದಳು. ಒಂದು ಗಂಟೆ ಹಿಡಿಯಿತು. ಅವಸರ ಮಾಡಲಿಲ್ಲ, ಅಯ್ಯೋ ಪಾಪ ಎಂದೂ ಅನ್ನಲಿಲ್ಲ. ಅವನ ಮೂಗು ತುರಿಸುತ್ತಿದೆ ಎಂದು ಅವನು ಹೇಳುವ ಮೊದಲೇ ಅವಳಿಗೆ ಗೊತ್ತಾಯಿತು; ಕೆರೆದು ತನ್ನ ಪಾಡಿಗೆ ಮಾತು ಮುಂದುವರಿಸಿದಳು. ಇಷ್ಟು ಒಳ್ಳೆಯವರ ಕೈಗೆ ಸಿಕ್ಕಿದೆನಲ್ಲ ಎಂದು ಹಲ್ಲಣ್ಣನಿಗೆ ಒಳಗೊಳಗೇ ಬೇಸರವಾಯಿತು. ಅಜಾಗರೂಕರು ಸಿಗಬಹುದೆಂದು ಅವನು ಎಣಿಸಿದ್ದ.

ವಿಮಾನದಲ್ಲಿ ಸೀಟುಗಳಿರಲಿಲ್ಲ. ಮೇಷ್ಟ್ರ ತೊಡೆಯ ನಡುವೆ ಮಗುವಿನಂತೆ ಕೂತು ಹಲ್ಲಣ್ಣ ಮೇಲೇರಿದ. ಅವನ ಕೈಗಳನ್ನು ಎದೆಯ ಬೆಲ್ಟಿಗೆ ಸಿಕ್ಕಿಸಿದ್ದರು. ಕೆಳಗೆ ಶೆಡ್ಡು ಬೆಂಕಿಪೆಟ್ಟಿಗೆಯಷ್ಟಾಯಿತು. ಅಕ್ಕ ಆಗಲೇ ಕಾಣದಾಗಿದ್ದಳು.

“ಮೇಷ್ಟ್ರೇ, ಕೊಡೆ ಬಿಚ್ಚಿಕೊಳ್ಳದಿದ್ರೆ?”

“ಎರಡನೇದು ಇದೆ ಅಣ್ಣ.”

“ಅದೂ ಕೈಕೊಟ್ರೆ?”

“ನನಗೆ ಎಚ್ಚರ ತಪ್ಪಿದ್ರೂ ಅದಾಗೇ ಬಿಚ್ಚೋ ಹಾಗೆ ಒಂದು ಪೆಟ್ಟಿಗೆ ಇಟ್ಟಿದ್ದಾರೆ. ಅದೇನು ರಜ ಹಾಕಲ್ಲ.”

ಆ ಪ್ರಶ್ನೆಗಳಲ್ಲಿ ಏನು ಕೇಳಿಸಿತೋ, ಮೇಷ್ಟ್ರು ಅವನ ಕಿವಿಯ ಹತ್ತಿರ ಬಗ್ಗಿದ. “ಎಲ್ಲಾ ಥರದವರೂ ಬರ್ತಾರಣ್ಣ. ಯಾಕೆ ಬಂದ್ರಿ ಅಂತ ನಾನು ಕೇಳಲ್ಲ. ಆದ್ರೆ ನನ್ನ ಎದೆಗೆ ಕಟ್ಟಿಕೊಂಡವರನ್ನ ನೆಲಕ್ಕೆ ಕಾಲೂರಿಸದೆ ನಾನು ಬಿಡಲ್ಲ. ಮನೇಲಿ ನನಗೂ ಕಾಯೋರಿದ್ದಾರೆ.”

ಆ ಮಾತಿಗೆ ಹಲ್ಲಣ್ಣನ ಮುಖಕ್ಕೆ ರಕ್ತ ನುಗ್ಗಿತು. ತಾನು ಇಷ್ಟು ದಿನ ಒಬ್ಬನ ಸಾವನ್ನು ಮಾತ್ರ ಎಣಿಸಿದ್ದೆ, ಕಟ್ಟಿಕೊಂಡವನನ್ನು ಮರೆತೇಬಿಟ್ಟಿದ್ದೆ ಎಂದು ಹೊಳೆಯಿತು. ಆ ಬಾಗಿಲೂ ಮುಚ್ಚಿತು. ಇನ್ನು ಸುಮ್ಮನೆ ಬೀಳುವುದಷ್ಟೇ ಉಳಿದದ್ದು.

ವಿಮಾನದ ಬಾಗಿಲು ಮಾತ್ರ ತೆರೆಯಿತು. ಚಳಿ ಮುಖಕ್ಕೆ ಹೊಡೆಯಿತು. ಕ್ಯಾಮೆರಾದವಳು ಹೊರಗೆ ಜೋತುಬಿದ್ದು ಅವನ ಕಡೆ ನೋಡಿ ತಲೆಯಾಡಿಸಿದಳು. ಮೇಷ್ಟ್ರು ಮುಂದಕ್ಕೆ ಬಾಗಿದ, ಅಷ್ಟೇ. ಆಕಾಶ ಒಮ್ಮೆ ಕೆಳಗೆ ಬಂತು, ನೆಲ ಒಮ್ಮೆ ಮೇಲೆ ಹೋಯಿತು, ಆಮೇಲೆ ಎರಡೂ ತಮ್ಮ ಜಾಗಕ್ಕೆ ಬಂದವು. ಗಾಳಿಯ ಅಬ್ಬರದಲ್ಲಿ ಕೂಗಿದ್ದರೆ ತನಗೇ ಕೇಳಿಸುತ್ತಿರಲಿಲ್ಲ. ಮೇಷ್ಟ್ರು ಅವನ ಎದೆಯ ಬೆಲ್ಟಿನಿಂದ ಕೈಗಳನ್ನು ಬಿಡಿಸಿದ.

ಕೈಗಳು ಎದ್ದವು.

ಮೊದಲು ಮೊಣಕೈ, ಆಮೇಲೆ ಮುಂಗೈ, ಆಮೇಲೆ ಒಂದೊಂದು ಬೆರಳು. ಎಷ್ಟೋ ತಿಂಗಳಿಂದ ತೊಡೆಯ ಪಕ್ಕ ಸತ್ತಂತೆ ಬಿದ್ದಿದ್ದ ಎರಡೂ ತೋಳುಗಳು ಮುಖದ ಇಕ್ಕೆಲದಲ್ಲಿ, ಕಣ್ಣಿಗೆ ಕಾಣುವಷ್ಟು ಎತ್ತರಕ್ಕೆ ಬಂದು ನಿಂತವು. ಅವನು ನೆಲ ನೋಡಲಿಲ್ಲ, ಮೋಡ ನೋಡಲಿಲ್ಲ. ತನ್ನ ಅಂಗೈಗಳನ್ನೇ ನೋಡಿದ. ಕ್ಯಾಮೆರಾದವಳು ತೇಲಿಕೊಂಡು ಎದುರಿಗೆ ಬಂದು ಅವನ ಎರಡು ಕೈ ಹಿಡಿದಳು. ಹಿಡಿಯಲು ಅವಳು ಬಗ್ಗಬೇಕಾಗಲಿಲ್ಲ.

ಅದು ಒಂದು ನಿಮಿಷವೂ ಇರಲಿಲ್ಲ. ಅವಳು ಕೈ ಬಿಟ್ಟು ದೂರ ಸರಿದಳು, ಮೇಲಿನಿಂದ ಯಾರೋ ಹೆಗಲು ಹಿಡಿದು ಎಳೆದಂತಾಯಿತು, ಪ್ಯಾರಾಶೂಟ್ ಪಟಪಟನೆ ಬಿಚ್ಚಿಕೊಂಡಿತು. ಗಾಳಿ ನಿಂತಿತು. ಕೈಗಳು ಕೆಳಗೆ ಬಿದ್ದು ಮೊದಲಿನಂತೆ ಜೋತವು.

“ಅಣ್ಣ, ಇದೇ ನೋಡಿ ಚಂದದ ಭಾಗ. ಎಷ್ಟು ನಿಶ್ಶಬ್ದ” ಎಂದ ಮೇಷ್ಟ್ರು.

ಬಗ್ಗಿ ನೋಡಿದರೆ, ಗಾಳಿ ತಡೆಯಲೆಂದು ಹಲ್ಲಣ್ಣನಿಗೆ ತೊಡಿಸಿದ್ದ ಕನ್ನಡಕದೊಳಗೆ ನೀರು ತುಂಬಿಕೊಂಡಿತ್ತು. ಒರೆಸಿಕೊಳ್ಳುವುದು ಅವನಿಂದಾಗದು, ಮೇಷ್ಟ್ರ ಕೈಗಳು ಹಗ್ಗ ಬಿಡುವಂತಿರಲಿಲ್ಲ.

“ಇನ್ನೊಂದು ಸ್ವಲ್ಪ ಹೊತ್ತು ಬೀಳೋಕಾಗಲ್ವಾ ಮೇಷ್ಟ್ರೇ? ಮುಂಚೆ ಬಿದ್ವಲ್ಲ, ಹಾಗೆ.”

“ಆಗಲ್ಲಣ್ಣ” ಎಂದ ಮೇಷ್ಟ್ರು ಬಹಳ ಮೆತ್ತಗೆ. “ಬಿಚ್ಚಿದ ಮೇಲೆ ಇಳಿಯೋದೊಂದೇ.”

ಪಟ್ಟಿ ಎಳೆದು, ಕಾಲು ಎತ್ತಿಸಿ, ಹುಲ್ಲಿನ ಮೇಲೆ ಹೂವಿನಂತೆ ಇಳಿಸಿದ. ಅಕ್ಕ ಓಡಿಬಂದಳು, ಅವಳು ಓಡಿದ್ದನ್ನು ಹಲ್ಲಣ್ಣ ನೋಡಿ ಎಷ್ಟೋ ವರ್ಷವಾಗಿತ್ತು. ಕನ್ನಡಕ ತೆಗೆದು, ಸೆರಗೋ ರುಮಾಲೋ ಸಿಗದೆ, ತನ್ನ ಅಂಗೈಯಿಂದಲೇ ಅವನ ಕಣ್ಣು ಒರೆಸಿದಳು.

“ಹೇಗಿತ್ತೋ?”

“ಕೈ ಎದ್ದಿತ್ತಕ್ಕ” ಎಂದ.

ಆ ಮಾತನ್ನು ಅವನು ಹೇಳಬಾರದಿತ್ತು. ಅಂದಿನಿಂದ ಅಕ್ಕನಿಗೆ ಅದೇ ಹುಚ್ಚು ಹಿಡಿಯಿತು. ಕ್ಯಾಮೆರಾದವಳು ಕಳಿಸಿದ ವಿಡಿಯೋವನ್ನು ಫೋನಿನಲ್ಲಿ ಹಾಕಿ ಹಾಕಿ ನೋಡಿದಳು. ತಮ್ಮನ ಎದುರಿಗೆ ಫೋನು ಹಿಡಿದು, “ನೋಡು, ಇಲ್ಲಿ ಬೆರಳು ಮಡಚಿದ್ದೀಯ. ಈಗ ಪ್ರಯತ್ನ ಮಾಡು” ಎಂದು ಬೆಳಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಕೂರಿಸಿದಳು. ಅವನು ಪ್ರಯತ್ನಿಸಿದ. ಹಣೆಯಲ್ಲಿ ಬೆವರು ಮೂಡುವವರೆಗೆ ಪ್ರಯತ್ನಿಸಿದ, ಅವಳಿಗೋಸ್ಕರ. ಹನ್ನೆರಡನೆಯ ದಿನ ಅವಳು ಅವನನ್ನೂ ಫೋನನ್ನೂ ಡಾಕ್ಟರಮ್ಮನ ಮುಂದೆ ತಂದು ಕೂರಿಸಿದಳು.

ಡಾಕ್ಟರಮ್ಮ ಕೊನೆಯವರೆಗೂ ನೋಡಿದಳು. ಮತ್ತೊಮ್ಮೆ ಹಾಕಿ ನೋಡಿದಳು. “ಅಮ್ಮ, ಇದು ಗಾಳಿ. ಬಟ್ಟೆ ಎದ್ದ ಹಾಗೆ ಕೈ ಎದ್ದಿದೆ.”

“ಬೆರಳು ಮಡಚಿದ್ದಾನಲ್ಲ ಡಾಕ್ಟ್ರೇ?”

“ಅದೂ ಗಾಳಿಯೇ ಅಮ್ಮ.”

ಅಕ್ಕ ಫೋನು ತೆಗೆದುಕೊಂಡು ಚೀಲಕ್ಕೆ ಹಾಕಿದಳು. ಎದ್ದು ಹೊರಡಬೇಕಾದವಳು ಕೂತೇ ಇದ್ದಳು. ಆಮೇಲೆ ಆ ಕುರ್ಚಿಯಲ್ಲೇ, ಅಷ್ಟು ದಿನ ಒಮ್ಮೆಯೂ ಅಳದವಳು, ಬಾಯಿಗೆ ಕೈ ಒತ್ತಿಕೊಂಡು ಅತ್ತಳು. ಪಕ್ಕದಲ್ಲಿ ಕೂತ ಹಲ್ಲಣ್ಣನಿಗೆ ಅವಳ ಬೆನ್ನು ಸವರಬೇಕೆನ್ನಿಸಿತು. ಹೆಗಲನ್ನು ಅವಳ ಹೆಗಲಿಗೆ ತಾಗಿಸಿದ. ಅಷ್ಟು ಮಾತ್ರ ಆಗುತ್ತಿತ್ತು.

ಆರು ತಿಂಗಳಲ್ಲಿ ಕಾಲುಗಳೂ ಹೋದವು. ಮಾತು ತೊದಲತೊಡಗಿತು. ಒಂದು ದಿನ ಅವನು ಅಕ್ಕನಿಂದ ಮೇಷ್ಟ್ರಿಗೆ ಫೋನು ಮಾಡಿಸಿದ: ಇನ್ನೊಂದೇ ಸಲ. ಫೋನಿನಲ್ಲಿ ಆಗುವುದಿಲ್ಲ ಎನ್ನಲು ಮೇಷ್ಟ್ರಿಗೆ ಮನಸ್ಸಾಗಲಿಲ್ಲ. ರಜೆಯ ಮಧ್ಯಾಹ್ನ ಇಬ್ಬರೂ ಮನೆಗೇ ಬಂದರು. ಕ್ಯಾಮೆರಾದವಳು ಮಂಚದ ಅಂಚಿನಲ್ಲಿ ಕೂತಳು. ಮೇಷ್ಟ್ರು ಹಲ್ಲಣ್ಣನ ತಲೆಯನ್ನು ಎರಡು ಅಂಗೈಯಲ್ಲಿ ಹಿಡಿದು, ಮೆಲ್ಲಗೆ ಬಿಟ್ಟು ನೋಡಿದ. ತಲೆ ಒಂದು ಪಕ್ಕಕ್ಕೆ ವಾಲಿತು.

“ಕುತ್ತಿಗೆ ನಿಲ್ಲಲ್ಲಣ್ಣ. ಕೊಡೆ ಬಿಚ್ಚೋವಾಗಿನ ಎಳೆತಕ್ಕೆ ತಡೆಯಲ್ಲ.”

“ಮುರಿದ್ರೆ... ಮುರೀಲಿ.”

“ಮುರಿಯೋದು ನನ್ನ ಎದೆ ಮೇಲೆ ಅಲ್ವಾಣ್ಣ” ಎಂದ ಮೇಷ್ಟ್ರು. ವಾಲಿದ ತಲೆಯನ್ನು ಎತ್ತಿ ದಿಂಬಿನ ಮೇಲೆ ನೆಟ್ಟಗಿಟ್ಟ.

ಅವರು ಇನ್ನೂ ಒಂದು ಗಂಟೆ ಕೂತಿದ್ದರು. ಹೋಗುವಾಗ ಮತ್ತೆ ಬರುತ್ತೇವೆ ಎಂದರು, ಬರುವವರೂ ಆಗಿದ್ದರು. ಅಕ್ಕ ಅವರನ್ನು ಬಾಗಿಲವರೆಗೆ ಕಳಿಸಿ ಬಂದು, ತಮ್ಮನ ಮಗ್ಗುಲು ಬದಲಿಸುವ ಹೊತ್ತಾಯಿತೆಂದು ಅವನ ಬೆನ್ನ ಕೆಳಗೆ ತೋಳು ತೂರಿಸಿದಳು.

“ಕಿಟಕಿ ಕಡೆಗಾ?”

“ಗೋಡೆ ಕಡೆಗೆ” ಎಂದ ಹಲ್ಲಣ್ಣ.

ಅವಳು ಹಾಗೆಯೇ ಹೊರಳಿಸಿ, ದಿಂಬು ಸರಿಮಾಡಿ, ಅವನ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು ಕೂತಳು.