ಕಾಫಿ ಕಣದಲ್ಲಿ ನಿಂತ ಹಾಯಿದೋಣಿ

ನನ್ನ ಗಂಡ ಶಾಂತಮಲ್ಲಪ್ಪನವರಿಗೆ ಈಜು ಬರುವುದಿಲ್ಲ. ಮೀನಿನ ವಾಸನೆ ಮೂಗಿಗೆ ಬಡಿದರೆ ಸಾಕು, ವಾಕರಿಕೆ. ಜೀಪು ಹೇಮಾವತಿ ಸೇತುವೆ ದಾಟುವಾಗಲೂ ಕಣ್ಣು ಮುಚ್ಚಿ ಶಿವ ಶಿವ ಎನ್ನುವ ಮನುಷ್ಯ. ಇಂಥವರು ಹೆಗ್ಗದ್ದೆಯ ನಮ್ಮ ಕಾಫಿ ತೋಟಕ್ಕೆ ಮಂಗಳೂರಿನಿಂದ ಒಂದು ಹಳೆಯ ಹಾಯಿದೋಣಿ ತರಿಸಿದರು.

ಈ ಹುಚ್ಚು ಹತ್ತಿದ್ದು ಸಕಲೇಶಪುರದ ಕ್ಲಬ್ಬಿನಲ್ಲಿ. ತೋಟ ಮಾರಿ ತನ್ನ ದೇಶಕ್ಕೆ ಹೊರಟಿದ್ದ ದೊರೆಯೊಬ್ಬ, ಇನ್ನು ಮೇಲೆ ಅರ್ಧ ವರ್ಷ ದೋಣಿಯಲ್ಲೇ ವಾಸ ಎಂದನಂತೆ. ದೊರೆಗಳು ಮಾಡಿದ್ದನ್ನು ಮಾಡದಿದ್ದರೆ ಇವರಿಗೆ ಉಂಡ ಅನ್ನ ಅರಗುವುದಿಲ್ಲ. ಅವರು ಟೊಪ್ಪಿ ಹಾಕಿದರೆ ಇವರಿಗೂ ಟೊಪ್ಪಿ, ಅವರು ಸೀಮೆನಾಯಿ ಸಾಕಿದರೆ ಇವರಿಗೂ ಸೀಮೆನಾಯಿ. ಆ ನಾಯಿ ಮೊದಲು ಕಚ್ಚಿದ್ದು ಇವರನ್ನೇ.

"ಹಣ್ಣು ಕುಯ್ದು ಮುಗಿದ್ಮೇಲೆ, ಮಳೆ ಹಿಡಿಯೋಗಂಟ ಮಂಗಳೂರ ಕಡಲ ಮ್ಯಾಲೆ ನಾವು ದೋಣೀಲಿ ಇರೋದು ಕಣೇ ವಿಶಾಲು," ಎಂದರು. "ನೀನು, ನಾನು, ಒಂದು ಒಲೆ. ಯಾವ ನೆಂಟ್ರೂ ಅಲ್ಲಿಗೆ ಬರಂಗಿಲ್ಲ."

ಆ ಕೊನೆಯ ಮಾತು ಮಾತ್ರ ನನ್ನ ಕಿವಿಯಲ್ಲಿ ಉಳಿಯಿತು. ಘಟ್ಟ ಹತ್ತುವವರಿಗೂ ಇಳಿಯುವವರಿಗೂ ನಮ್ಮ ಮನೆಯೇ ಛತ್ರ. ಅಮಲ್ದಾರರು, ಸ್ವಾಮಿಗಳು, ನೆಂಟರ ನೆಂಟರು, ಕ್ಲಬ್ಬಿನ ಸೋಮಾರಿಗಳು, ಎಲ್ಲರಿಗೂ ಎಲೆ ಹಾಕಬೇಕು. ಮದುವೆಯಾಗಿ ಬಂದ ಮೇಲೆ ನಾನು ಬಿಸಿ ಅನ್ನ ಉಂಡವಳಲ್ಲ. ಎಲ್ಲರದೂ ಮುಗಿದ ಮೇಲೆ ಒಲೆ ಮುಂದೆ ಕುಕ್ಕರುಗಾಲಲ್ಲಿ ಕೂತು ತಣ್ಣಗಾದದ್ದನ್ನು ನುಂಗುವುದು. ಬಾಗಿಲು ಹಾಕಿಕೊಂಡು ನೆಮ್ಮದಿಯಾಗಿ ಒಂದು ಊಟ, ನನಗೆ ಬೇಕಾಗಿದ್ದದ್ದು ಅಷ್ಟೇ.

ಸಕಲೇಶಪುರದ ಅಸಾದುಲ್ಲಾ ತನ್ನ ಲಾರಿಯಲ್ಲಿ ದೋಣಿ ಹೇರಿಕೊಂಡು ಬಂದ. ಘಟ್ಟದ ತಿರುವುಗಳಲ್ಲಿ ಅದರ ಮೂತಿ ಮರಗಳಿಗೆ ತಗುಲಿ ತಗುಲಿ ಅರ್ಧ ಬಣ್ಣ ದಾರಿಯಲ್ಲೇ ಉದುರಿತ್ತು. ಕಾಫಿ ಒಣಗಿಸುವ ಕಣದಲ್ಲಿ ಇಳಿಸಿ ಬೆವರು ಒರೆಸಿಕೊಂಡ.

"ದೋಣಿ ತಂದ್ಕೊಟ್ಟೆ ಸಾವ್ಕಾರ್ರೆ. ಸಮುದ್ರಾನೂ ತಾ ಅಂದ್ರೆ ನನ್ನ ಲಾರೀಲಿ ಹಿಡಿಯಾಕಿಲ್ಲ," ಎಂದ.

ನಾನು ಸೆರಗು ಬಾಯಿಗಿಟ್ಟು ನಕ್ಕೆ. ಇವರು ನಗಲಿಲ್ಲ. ತೂಕವಿಲ್ಲದ ಮನುಷ್ಯರಿಗೆ ನಗೆ ಕಂಡರೆ ಭಯ.

ತೋಟದಲ್ಲೇ ಬಡಗಿ ಇರುವಾಗ ಮಂಗಳೂರಲ್ಲಿ ದುಡ್ಡು ಯಾಕೆ ಸುರಿಯಬೇಕು ಎಂದು ಕಣದಲ್ಲೇ ರಿಪೇರಿ ಶುರುವಾಯಿತು. ನಮ್ಮವರಿಗೆ ಗೊತ್ತಿರುವ ವಿದ್ಯೆ ಒಂದೇ, ಒಣಗಿಸುವುದು. ಕಾಫಿ ಹಣ್ಣು ಹಿಡಿಯಲ್ಲಿ ಹಿಡಿದು ಅಲ್ಲಾಡಿಸಿದರೆ ಗಲಗಲ ಎನ್ನಬೇಕು, ಅಲ್ಲಿಯವರೆಗೆ ಬಿಸಿಲು ಕಾಯಿಸಬೇಕು. ದೋಣಿಗೂ ಅದೇ ಶಾಸ್ತ್ರ. ಕಣದ ಸುಡುಬಿಸಿಲಿನಲ್ಲಿ ಅದನ್ನು ಮಗುಚಿ ಹಾಕಿ, ದಿನಾ ಬೆಳಿಗ್ಗೆ ಬೆತ್ತದಿಂದ ಹಲಗೆ ತಟ್ಟಿ ಕಿವಿ ಇಡುವರು. "ಇನ್ನೂ ಹಸಿ ಐತೆ ಕಣೋ ಬೋರಯ್ಯ," ಎನ್ನುವರು. ತೋಟದ ಬಡಗಿ ಬೋರಯ್ಯ ಯಾರು ಏನೆಂದರೂ ಹೂಂ ಎನ್ನುವವನು. ಹಲಗೆಗಳು ಕುಗ್ಗಿ, ಸಂದುಗಳಲ್ಲಿ ಬೆರಳು ತೂರುವಷ್ಟಾಯಿತು. ಆ ಸಂದುಗಳಿಗೆಲ್ಲ ಹತ್ತಿ, ಡಾಂಬರು ತುಂಬಿ, ಒಂದು ಕೂದಲೂ ನುಸುಳದಂತೆ ಉಳಿಯಿಂದ ಬಡಿದು ಬಡಿದು ಬಿಗಿದರು.

ಒಳಗೊಂದು ಪುಟ್ಟ ಕೋಣೆ ಎದ್ದಿತು. ಅದಕ್ಕೆ ಹಲಗೆ ಬಂದದ್ದು ನಮ್ಮ ಅಟ್ಟದಿಂದ, ನನ್ನನ್ನು ಕೇಳದೆ. ಬೈದೆ. ಆದರೆ ಒಲೆ ಇಡುವ ಜಾಗ ನೋಡಲು ಏಣಿ ಹತ್ತಿದವಳು ಒಳಗೇ ಕೂತುಬಿಟ್ಟೆ. ಬಾಗಿಲಿಗೆ ಒಳಗಿನಿಂದ ಚಿಲಕವಿತ್ತು. ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. ನನಗೂ ಆಸೆ ಹುಟ್ಟಿತ್ತು. ಸಾಂಬಾರ ಪುಡಿಯ ಡಬ್ಬಿಗೆಂದು ಬೋರಯ್ಯನಿಂದ ಒಂದು ಗೂಡು ಮಾಡಿಸಿದೆ.

ಯುಗಾದಿ ಕಳೆದ ಮೇಲೆ ದೋಣಿಯನ್ನು ಎತ್ತು ಕಟ್ಟಿ ಎಳೆಸಿ ತೋಟದ ಕೆರೆಗೆ ಇಳಿಸಿದರು. ಮಂಗಳೂರಿಗೆ ಒಯ್ಯುವ ಮುಂಚೆ ಪರೀಕ್ಷೆ ಆಗಬೇಕಲ್ಲ. ಪರೀಕ್ಷೆಗೆ ಕ್ಲಬ್ಬಿಗೆ ಕ್ಲಬ್ಬೇ ಬಂತು, ಅಡುಗೆ ಮಾಡಿದ್ದು ನಾನು. ದೋಣಿ ತೇಲಿತು. ಇವರು ಟೊಪ್ಪಿ ಹಾಕಿ, ಹಗ್ಗ ಹಿಡಿದು ನಿಂತು, ಕಣ್ಣು ಮುಚ್ಚಿಕೊಂಡೇ ಎಲ್ಲರಿಗೂ ಕೈ ಬೀಸಿದರು. ಬಂದ ನೆಂಟರೆಲ್ಲ ರಾತ್ರಿ ನಮ್ಮ ಮನೆಯಲ್ಲೇ ಉಳಿದರು.

ಮರುದಿನ ಬೆಳಿಗ್ಗೆ ಅವರೆಲ್ಲ ರೊಟ್ಟಿ ತಿನ್ನುತ್ತಿರುವಾಗ ಕೆರೆಯ ಕಡೆಯಿಂದ ಕೋವಿ ಹಾರಿದಂಥ ಸದ್ದು ಬಂತು. ಓಡಿಹೋಗಿ ನೋಡಿದರೆ, ನೀರು ಕುಡಿದು ಉಬ್ಬಿದ ಹಲಗೆಗಳು ಹಿಗ್ಗಲು ಸಂದಿಲ್ಲದೆ ಮೊಳೆ ಕಿತ್ತುಕೊಂಡು ಹೊರಗೆ ಸಿಡಿದಿದ್ದವು. ದೋಣಿ ಎಮ್ಮೆಯಂತೆ ಕೆಸರಿನಲ್ಲಿ ಕೂತಿತ್ತು. ಮಳೆಗಾಲ ಬಂತೆಂದರೆ ನಮ್ಮ ದೇವರ ಕೋಣೆಯ ಬಾಗಿಲು ಉಬ್ಬಿ, ಹೆಗಲು ಕೊಟ್ಟು ನೂಕಬೇಕು. ಆ ಮನೆಯಲ್ಲೇ ಹುಟ್ಟಿ ತಲೆ ನರೆತ ಮನುಷ್ಯನಿಗೆ ಮರ ಉಬ್ಬುತ್ತದೆ ಎಂಬುದು ಹೊಳೆಯಲಿಲ್ಲ. ನೆಂಟರು ಹೊಟ್ಟೆ ಹಿಡಿದು ನಕ್ಕು, ಮಿಕ್ಕ ರೊಟ್ಟಿ ತಿನ್ನಲು ಒಳಗೆ ಹೋದರು. ನನಗೆ ನಗು ಬರಲಿಲ್ಲ. ನನ್ನ ಚಿಲಕ ಮುಳುಗಿತ್ತು.

"ಮರ ಸರಿ ಇರ್ಲಿಲ್ಲ. ಆ ಅಸಾದುಲ್ಲಾ ಮೋಸ ಮಾಡ್ಬುಟ್ಟ," ಎಂದು ಇವರು ಊರೆಲ್ಲ ಹೇಳಿಕೊಂಡು ಬಂದರು. ಆಮೇಲೆ ದೋಣಿಯ ಕಡೆ ತಿರುಗಿಯೂ ನೋಡಲಿಲ್ಲ.

ಅದನ್ನು ಕೆರೆಯಿಂದ ಎಳೆಸಿದ್ದು ನಾನು. ಕಣದ ಮೂಲೆಯಲ್ಲಿ ಕಲ್ಲು ಕೊಟ್ಟು ನಿಲ್ಲಿಸಿ, ಬೋರಯ್ಯನಿಂದ ತಳಕ್ಕೆ ಹಲಗೆ ಹೊಡೆಸಿ, ಕೋಣೆಯ ಮೇಲೆ ತಗಡು ಹಾಕಿಸಿದೆ. ಒಂದು ಮಧ್ಯಾಹ್ನ ಒಲೆ ಹೊತ್ತಿಸಿ ಹಿಡಿ ಅಕ್ಕಿ ಬೇಯಿಸಿ, ತಟ್ಟೆಗೆ ಅನ್ನ ಬಡಿಸಿಕೊಂಡೆ. ಅಷ್ಟರಲ್ಲಿ ಕಣದಲ್ಲಿ ಜೀಪು ನಿಂತಿತು.

"ವಿಶಾಲೂ, ಕ್ಲಬ್ಬಿನೋರು ಬಂದವ್ರೆ. ನಾಕು ಲೋಟ ಕಾಫಿ," ಎಂದು ಇವರು ಕೆಳಗಿನಿಂದ ಕೂಗಿದರು.

"ದೋಣಿಗೆ ನೆಂಟ್ರು ಬರಂಗಿಲ್ಲ ಅಂತ ನೀವೇ ಅಂದಿದ್ರಲ್ರೀ."

ಇವರು ನೆಂಟರ ಮುಖ ನೋಡಿದರು, ನನ್ನ ಮುಖ ನೋಡಿದರು. ಏಣಿಯ ಮೇಲೆ ಒಂದು ಕಾಲಿಟ್ಟು ದನಿ ತಗ್ಗಿಸಿ, "ನಾನಾದ್ರೂ ಬರ್ಲೇನೇ?" ಎಂದರು.

"ಅವ್ರಿಗೆಲ್ಲ ಕಾಫಿ ಮಾಡ್ಕೊಟ್ಟು ಬನ್ನಿ," ಎಂದೆ.

ತಲೆಮಾರುಗಳಿಂದ ಕಾಫಿ ಬೆಳೆದ ಮನೆತನ. ಇವರಿಗೆ ಒಂದು ಲೋಟ ಕಾಫಿ ಮಾಡಲು ಬರುವುದಿಲ್ಲ. ಇವರು ಕಾಲು ಕೆಳಗಿಟ್ಟರು. ನಾನು ಏಣಿಯನ್ನು ಮೇಲಕ್ಕೆ ಎಳೆದುಕೊಂಡು, ಒಳಗೆ ಹೋಗಿ ಚಿಲಕ ಹಾಕಿದೆ. ಅನ್ನ ಇನ್ನೂ ಬಿಸಿಯಾಗಿತ್ತು.