ಅರಿಶಿನದ ಕೆಂಪು

ಆ ವರ್ಷ ನನ್ನ ನಾದಿನಿ ಬನಶಂಕರಿಯ ಮುಖಕ್ಕೆ ಹಚ್ಚದ ಪದಾರ್ಥ ನಮ್ಮ ಅಡುಗೆಮನೆಯಲ್ಲಿ ಉಳಿದಿರಲಿಲ್ಲ. ಕಡಲೆಹಿಟ್ಟು, ಅರಿಶಿನ, ಹಾಲಿನ ಕೆನೆ, ಮೆಂತ್ಯ, ಮಸೂರು ಬೇಳೆ. ಒಗ್ಗರಣೆ ಒಂದನ್ನು ಕೊಟ್ಟಿರಲಿಲ್ಲ.

ಅದು ೧೯೭೮. ಇಳಕಲ್ಲಿನಲ್ಲಿ ನಮ್ಮದು ಸೀರೆ ವ್ಯಾಪಾರದ ಮನೆ. ಬನಶಂಕರಿಗೆ ಹತ್ತೊಂಬತ್ತು. ಬೆಳಿಗ್ಗೆ ತೊಳೆದ ಅವಳ ಮುಖ ಹತ್ತು ಗಂಟೆಗೆಲ್ಲ ಹಿತ್ತಾಳೆಯ ದೀಪದ ಸಮೆಯಂತೆ ಹೊಳೆಯುತ್ತಿತ್ತು. ಎರಡೂ ಕೆನ್ನೆಗಳ ತುಂಬ ಮೊಡವೆ. ಬಾಗಲಕೋಟೆಯಿಂದ ಒಂದು ಗಂಡಿನ ಕಡೆಯವರು ಬಂದು ಉಪ್ಪಿಟ್ಟು ತಿಂದು ಹೋದರು. ಆಮೇಲೆ ಮಧ್ಯಸ್ಥನ ಬಾಯಲ್ಲಿ ಮಾತು ಬಂತು: "ಹುಡುಗಿ ಮಾರಿ ಮ್ಯಾಲೆ ಜ್ವಾಳ ಬಿತ್ತೀರೇನ್ರಿ?" ಹುನಗುಂದದ ಕಡೆಯವರು ಅಷ್ಟನ್ನೂ ಹೇಳಿ ಕಳಿಸಲಿಲ್ಲ.

ನನ್ನ ಅತ್ತೆ ಗುರುಲಿಂಗವ್ವ ತೀರ್ಮಾನ ಹೇಳಿಬಿಟ್ಟರು. ಮೂರನೆಯ ಗಂಡೂ ತಪ್ಪಿದರೆ ಹುಡುಗಿಯನ್ನು ಅವಳ ಸೋದರಮಾವ ಅಂದಪ್ಪನಿಗೆ ಕೊಡುವುದು. ಅಂದಪ್ಪನಿಗೆ ಮೂವತ್ತೆಂಟು, ಹೆಂಡತಿ ಸತ್ತಿದ್ದಳು, ಇಬ್ಬರು ಮಕ್ಕಳು. ಮೊಡವೆಯ ಬಗ್ಗೆ ಅವನಿಗೆ ತಕರಾರಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ರೊಟ್ಟಿ ಬಡಿಯುವ ಎರಡು ಕೈ.

ಬಾದಾಮಿಯ ಕಡೆಯವರು ಮೂರು ತಿಂಗಳ ನಂತರ ಬರುತ್ತೇವೆಂದು ತಿಳಿಸಿದರು. ಪಕ್ಕದ ಮನೆಯ ಇಂದ್ರಾಬಾಯಿ ಅಂದೇ ಸಂಜೆ ಕುಸುಬಿ ಎಣ್ಣೆಯ ಬಟ್ಟಲು ಹಿಡಿದು ಬಂದರು.

"ಮುಳ್ಳನ್ನ ಮುಳ್ಳಿಲೇ ತೆಗೀಬೇಕ್ರಿ ಗುರುಲಿಂಗವ್ವಾರ, ಎಣ್ಣಿನ್ನ ಎಣ್ಣಿಲೇ. ತಿಕ್ಕ್ರಿ, ಒಳಗಿನ ಜಿಡ್ಡೆಲ್ಲ ಹೊರಗ ಬರ್ತೈತಿ."

ಇಂಥ ಸಿದ್ಧಾಂತ ನಾನು ಧಾರವಾಡದಲ್ಲಿ ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ. ನಾನು ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವಳು.

"ಅತ್ತಿ, ಮೊದಲ ಎಣ್ಣಿ ಮಾರಿ. ಅದಕ್ಕ ಮತ್ತ ಎಣ್ಣಿ, ಕೆನಿ ಬ್ಯಾಡ್ರಿ. ಬೇವಿನ ನೀರಿಲೇ ತೊಳಕೊಂಡ್ರ ಸಾಕು" ಎಂದೆ.

"ಧಾರವಾಡದಾಗ ಮಾರಿ ತೊಳಕೊಳ್ಳೂದಕ್ಕೂ ಡಿಗ್ರಿ ಕೊಡ್ತಾರೇನವಾ?" ಎಂದರು ಇಂದ್ರಾಬಾಯಿ.

"ಡಿಗ್ರಿ ತಗೊಂಡಾಕಿ ಹಣಿ ನೋಡ್ರಿ" ಎಂದರು ಅತ್ತೆ. ನನ್ನ ಕಡೆ ತಿರುಗಿ, "ನೀ ದೂರ ನಿಂದ್ರು. ಕನ್ಯಾದ ಅರಿಷಿಣಕ್ಕ ನಿನ್ನ ಕೈ ತಾಗಬಾರದು."

ಗಂಡ ಸತ್ತು ಎರಡು ವರ್ಷವಾಗಿತ್ತು. ಅದರ ಬಗ್ಗೆ ಹೇಳುವುದಕ್ಕೆ ಹೆಚ್ಚೇನಿಲ್ಲ. ನಾನು ದೂರ ನಿಂತೆ. ಅಡುಗೆಮನೆಯ ಬಾಗಿಲ ಮೇಲೆ ಬಸವಣ್ಣನ ಪಟವಿತ್ತು. ಸೋಮವಾರಕ್ಕೊಮ್ಮೆ ಹೂವು, ವಿಭೂತಿ ಸಲ್ಲುತ್ತಿದ್ದವು. ಪಟದಿಂದ ಕೆಳಗಿಳಿಯಲು ಮಾತ್ರ ನಮ್ಮ ಮನೆಯಲ್ಲಿ ಆತನಿಗೆ ಅಪ್ಪಣೆ ಇರಲಿಲ್ಲ.

ಮರುದಿನ ನಾನು ಹಿತ್ತಲಲ್ಲಿ ಬಟ್ಟೆ ಒಗೆಯುವಾಗ ಬನಶಂಕರಿ ಬಂದಳು.

"ವೈನಿ, ಖರೇ ಹೇಳ್ರಿ. ಹೋಗ್ತಾವೇನ್ರಿ ಇವು? ಅಂದಪ್ಪ ಮಾಮಾನ ಮನಿಗೆ ನಾ ಒಲ್ಲೆ."

"ಪೂರಾ ಹೋಗಂಗಿಲ್ಲ. ಕಡಿಮಿ ಆಗ್ತಾವ. ಬೇವಿನ ತಪ್ಪಲ ಕುದಿಸಿ ಆರಿಸಿ, ಎರಡ ಹೊತ್ತು ಮಾರಿ ತೊಳಿ. ವಾರದಾಗ ಎರಡ ಸಲ ಮುಲ್ತಾನಿ ಮಿಟ್ಟಿ, ಬರೇ ನೀರಾಗ ಕಲಸಿ ತೆಳ್ಳಗ ಹಚ್ಚು. ಚಿವುಟಬ್ಯಾಡ. ತಲಿ ಎಣ್ಣಿ ಹಣಿಗೆ ಇಳಿಸಬ್ಯಾಡ."

"ಅವ್ವ ಹಚ್ಚಿದ್ದು?"

"ಹಚ್ಚಿಸ್ಕೊ. ಆಕಿ ಆ ಕಡಿ ಹೋದ ಕೂಡ್ಲೆ ತೊಳಕೊ."

ಅವಳು ಹಾಗೆಯೇ ಮಾಡಿದಳು. ಎರಡು ತಿಂಗಳಿಗೆ ಹಣೆ ತಿಳಿಯಾಯಿತು. ಮೂರನೆಯ ತಿಂಗಳಿಗೆ ಕೆನ್ನೆಯ ಮೇಲೆ ನಾಲ್ಕೈದು ಉಳಿದಿದ್ದವು. ಓಣಿಯಲ್ಲಿ ಕುಸುಬಿ ಎಣ್ಣೆಗೆ ಕೀರ್ತಿ ಬಂತು.

ಬಾದಾಮಿಯವರು ಬರುವ ದಿನ ಬೆಳಿಗ್ಗೆ ಅತ್ತೆಗೆ ಆ ನಾಲ್ಕೈದನ್ನೂ ಮುಗಿಸಿಬಿಡುವ ಉತ್ಸಾಹ. ಬಟ್ಟಲಲ್ಲಿ ಹಿಟ್ಟಿಗಿಂತ ಅರಿಶಿನವೇ ಹೆಚ್ಚಾಯಿತು. ಅದನ್ನು ದಪ್ಪಗೆ ಮೆತ್ತಿ, ಒಂದು ತಾಸು ಬಿಟ್ಟು ತೊಳೆಸಿದರು. ಹಿಟ್ಟು ಹೋಯಿತು, ಹಳದಿ ಹೋಗಲಿಲ್ಲ.

"ಅಯ್ಯ, ಕಾಮಣಿ ರೋಗ ಆದಾಕಿ ಕಂಡಂಗ ಕಾಣ್ತಾಳಲ್ರಿ!" ಎಂದರು ಇಂದ್ರಾಬಾಯಿ. "ಸೋಡಾ ತರ್ರಿ, ಸೋಡಾ. ಎಂಥ ಜಿಡ್ಡಿನ ಪಾತ್ರಿನೂ ಬೆಳ್ಳಗಾಗ್ತಾವ."

ಅತ್ತೆ ಹಿತ್ತಲಿಗೆ ಬಂದು ನನ್ನ ಒಗೆಯುವ ಕಲ್ಲಿನ ಮೇಲಿದ್ದ ಡಬ್ಬಿಗೆ ಕೈ ಹಾಕಿದರು.

"ಅತ್ತಿ, ಅದು ಅಡಿಗಿ ಸೋಡಾ ಅಲ್ರಿ. ಬಟ್ಟಿ ಸೋಡಾ. ಮಾರಿ ಉರೀತೈತಿ."

"ಸೋಡಾ ಅಂದ್ರ ಸೋಡಾ. ನಿನ್ನ ಸಾಲಿ ಹೇಳಬ್ಯಾಡ ನನಗ."

ಸೋಡಾ ನೀರು ಬಿದ್ದ ಕ್ಷಣ ಬನಶಂಕರಿಯ ಹಳದಿ ಮುಖ ಕೆಂಪಾಯಿತು. ಗದ್ದದಿಂದ ಕಿವಿಯವರೆಗೆ, ಇಟ್ಟಂಗಿಯ ಕೆಂಪು.

"ಶಿವನ! ತಾಯಿ ಎದ್ದಾಳ!" ಇಂದ್ರಾಬಾಯಿ ಕಿರುಚಿದರು. ಮೈಮೇಲೆ ದೇವಿ ಮೂಡಿದಳು, ಸಿಡುಬೆದ್ದಿತು ಎಂದು ಅವರ ಅರ್ಥ. ಒಂದು ನಿಮಿಷದ ಹಿಂದೆ ತಾವೇ ಬರೆದ ಔಷಧ ಅವರಿಗೆ ನೆನಪಿರಲಿಲ್ಲ.

"ತಾಯಿ ಅಲ್ಲ, ಇಕಿ ಕಣ್ಣು" ಎಂದರು ಅತ್ತೆ, ನನ್ನ ಕಡೆ ನೋಡಿ.

ಹೊರಗೆ ಪಡಸಾಲೆಯಲ್ಲಿ ಚಪ್ಪಲಿ ಬಿಡುವ ಸಪ್ಪಳ, ಮಾವನವರ "ಬರ್ರಿ, ಬರ್ರಿ" ಕೇಳಿಸಿತು. ಬನಶಂಕರಿ ಕನ್ನಡಿ ನೋಡಿದಳು.

"ವೈನಿ, ಏನ ಮಾಡ್ಲಿ?"

ನಾನು ಗಡಿಗೆಯಿಂದ ಒಂದು ಚರಿಗೆ ಹುಳಿ ಮಜ್ಜಿಗೆ ತಂದೆ. ಅವಳ ಹತ್ತಿರ ಹೋಗುವುದರೊಳಗೆ ಅತ್ತೆ ನನ್ನ ಮುಂಗೈ ಹಿಡಿದರು.

"ಮುಟ್ಟಬ್ಯಾಡ. ಇವತ್ತೊಂದಿನ ಮುಟ್ಟಬ್ಯಾಡ."

ಚರಿಗೆಯನ್ನು ಇನ್ನೊಂದು ಕೈಯಿಂದ ನೆಲಕ್ಕಿಟ್ಟೆ. "ನೀನ ತೊಳಕೊ. ತಿಕ್ಕಬ್ಯಾಡ" ಎಂದೆ.

ಬನಶಂಕರಿ ಕುಳಿತು ಮುಖಕ್ಕೆ ಮಜ್ಜಿಗೆ ಎರಚಿಕೊಂಡಳು. ಕೆಂಪು ಹಿಂದೆ ಸರಿಯಿತು. ಕೆಳಗಿನಿಂದ ಹಳದಿ ಮೇಲೆದ್ದಿತು. ಇಂದ್ರಾಬಾಯಿ ಕೈಮುಗಿದರು. ಯಾರಿಗೆ ಎಂದು ತಿಳಿಯಲಿಲ್ಲ.

ಬಾಗಿಲಲ್ಲಿ ಯಾರೋ ನಕ್ಕರು. ಕಾಲು ತೊಳೆಯಲು ಹಿತ್ತಲಿಗೆ ಬಂದ ಮುದುಕಿ. ಗಂಡಿನ ಅಜ್ಜಿ ಸಂಗವ್ವ ಎಂದು ಆಮೇಲೆ ತಿಳಿಯಿತು. ಅವರ ಉಗುರಿನ ಬುಡದಲ್ಲೆಲ್ಲ ನೀಲಿ ಕೂತಿತ್ತು.

"ಎವ್ವಾ, ಎಷ್ಟ ಒದರ್ತೀರೇ! ಅರಿಷಿಣಕ್ಕ ಸೋಡಾ ಬಿದ್ರ ಕೆಂಪ, ಹುಳಿ ಬಿದ್ರ ಮತ್ತ ಹಳದಿ. ನಲವತ್ತ ವರ್ಷ ನೂಲಿಗೆ ಬಣ್ಣ ಹಾಕೀನಿ. ಮನ್ಯಾಗ ಕುಂಕುಮ ಮಾಡಿ ಗೊತ್ತಿಲ್ಲೇನು ನಿಮಗ? ಅರಿಷಿಣ, ಸುಣ್ಣ. ಮತ್ತೇನೈತಿ ಅದರಾಗ?"

ಅದರಲ್ಲಿ ಮತ್ತೇನೂ ಇಲ್ಲವೆಂದು ನನಗೆ ಪ್ರಯೋಗಶಾಲೆಯಲ್ಲೇ ಗೊತ್ತಿತ್ತು. ಗೊತ್ತಿದ್ದೂ ಎರಡು ವರ್ಷದ ಕೆಳಗೆ ಹಣೆಯ ಕುಂಕುಮ ಒರೆಸಿಕೊಳ್ಳಲು ಅತ್ತೆಯ ಮುಂದೆ ಕುಳಿತಿದ್ದೆ.

ಮುದುಕಿ ಬನಶಂಕರಿಯ ಗದ್ದ ಹಿಡಿದು ಬಿಸಿಲಿಗೆ ತಿರುಗಿಸಿದರು.

"ನಾಕೈದು ಗುಳ್ಳಿ ಅದಾವ. ಇರ್ಲಿ. ನನ್ನ ಮೊಮ್ಮಗನ ಮಾರ್ಯಾಗ ಹತ್ತ ಅದಾವ." ಆಮೇಲೆ ಕೇಳಿದರು, "ಮಜ್ಜಿಗಿ ಬುದ್ಧಿ ಯಾರದು?"

"ನಂದ್ರೀ" ಎಂದರು ಅತ್ತೆ.

ಆಗಲೂ ನನ್ನ ಮುಂಗೈ ಅವರ ಹಿಡಿತದಲ್ಲೇ ಇತ್ತು.

ಮದುವೆ ಗೊತ್ತಾಯಿತು. ಬಾದಾಮಿಯವರು ಹೊರಡುವಾಗ ಅತ್ತೆ ಎಲ್ಲ ಹೆಂಗಸರಿಗೂ ಕುಂಕುಮ ಕೊಟ್ಟರು. ತಟ್ಟೆ ನನ್ನನ್ನು ದಾಟಿ ಇಂದ್ರಾಬಾಯಿಗೆ ಹೋಯಿತು. ಮದುವೆಯಲ್ಲಿ ಅಂದಪ್ಪ ಓಡಾಡಿ ಹೋಳಿಗೆ ಬಡಿಸಿದ. ಅರಿಶಿನ ಹಚ್ಚುವ ಶಾಸ್ತ್ರದ ಹೊತ್ತಿಗೆ ನಾನು ಹಿತ್ತಲಲ್ಲಿದ್ದೆ. ಬನಶಂಕರಿ ಅಲ್ಲಿಗೆ ಬಂದು ಬೇವಿನ ನೀರು ಕೇಳಿ ಮುಖ ತೊಳೆದುಕೊಂಡು ಹೋದಳು.

ಈಗ ಅತ್ತೆಗೆ ಈ ಓಣಿಯಲ್ಲಿ ದೊಡ್ಡ ಹೆಸರು. ಮುಖದ ತುಂಬ ಮೊಡವೆ ಇಟ್ಟುಕೊಂಡು ಹುಡುಗಿಯರು ಬರುತ್ತಾರೆ. ಕುಸುಬಿ ಎಣ್ಣೆಯ ಮಾತನ್ನು ಅತ್ತೆ ಎತ್ತುವುದಿಲ್ಲ. ಬನಶಂಕರಿ ಗಂಡನ ಮನೆಗೆ ಹೋಗುವ ಮುಂಚೆ ಅವರಿಗೆ ಬೇವಿನ ನೀರಿನ ಕ್ರಮವನ್ನೆಲ್ಲ ಬಾಯಿಪಾಠ ಮಾಡಿಸಿ ಹೋಗಿದ್ದಾಳೆ. "ನಮ್ಮ ಮನಿತನದ ಔಷಧ. ಚಿವುಟಬ್ಯಾಡ್ರೇ" ಎಂದು ಬಾಟಲಿ ಕೊಡುತ್ತಾರೆ.

ಎಲೆ ಬಿಡಿಸುವುದು, ಕುದಿಸುವುದು, ಹಿಂಡಿ ಸೋಸುವುದು ಹಿತ್ತಲಲ್ಲಿ ನಡೆಯುತ್ತದೆ. ಯಾವ ಕೈ ಎಂದು ಯಾರೂ ಕೇಳಿಲ್ಲ. ಇಲ್ಲಿಯವರೆಗೆ ಆರು ಹುಡುಗಿಯರಿಗೆ ಗಂಡು ಗೊತ್ತಾಗಿದೆ.