ಬಾಯಲ್ಲಿ ಐವತ್ತೆಂಟು

ಹುಬ್ಬಳ್ಳಿ-ಧಾರವಾಡದ ಜನ ಬಾಯಿ ಬಿಗಿಹಿಡಿಯುವವರೇನಲ್ಲ. ಮೆಣಸಿನಕಾಯಿ ದರ, ಅಳಿಯನ ಪಗಾರ, ಬೀಗರ ಮನೆಯ ಜಗಳ, ಕೇಳಿದರೂ ಹೇಳುತ್ತಾರೆ, ಕೇಳದಿದ್ದರೂ ಹೇಳುತ್ತಾರೆ. ಆದರೆ ಕೊಂಡ ಮನೆಗೆ ಎಷ್ಟು ಕೊಟ್ಟಿರಿ ಎಂದು ಕೇಳಿ ನೋಡಿ, ಎಲ್ಲರಿಗೂ ಒಮ್ಮೆಲೇ ಮೌನವ್ರತ. ಈ ವ್ರತ ನೋಡಿ ನೋಡಿ ನಾಗರತ್ನಾಗೆ ಆರು ತಿಂಗಳಲ್ಲಿ ಸಾಕುಸಾಕಾಗಿ ಹೋಗಿತ್ತು.

ನಾಗರತ್ನಾ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಗಂಡ ತೀರಿಕೊಂಡ ಮೇಲೆ ಮಗಳನ್ನು ಕರೆದುಕೊಂಡು ಧಾರವಾಡದಲ್ಲಿ ಐದು ಬಾಡಿಗೆ ಮನೆ ಬದಲಿಸಿದವಳು. ಐದನೆಯದರ ಮಾಲೀಕನೂ ಯುಗಾದಿಯೊಳಗೆ ಖಾಲಿ ಮಾಡಿ ಎಂದಿದ್ದ. ಆರನೆಯ ಬಾಡಿಗೆ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದು ಅವಳು ಹಟ ಹಿಡಿದಿದ್ದಳು. ಉಳಿತಾಯ, ಬ್ಯಾಂಕಿನ ಸಾಲ ಎಲ್ಲ ಸೇರಿ ನಲವತ್ತೈದು ಲಕ್ಷ. ಅದರ ಮೇಲೆ ಒಂದು ರೂಪಾಯಿಯೂ ಹುಟ್ಟುವಂತಿರಲಿಲ್ಲ.

ಅಷ್ಟರಲ್ಲಿ ರಾಯಾಪುರದಲ್ಲಿ ಅಕ್ಕ ಗೌರಕ್ಕನ ಪಕ್ಕದ ಮನೆ ಮಾರಾಟಕ್ಕೆ ಬಂತು. ಒಬ್ಬನೇ ಗೌಂಡಿ ಕಟ್ಟಿದ ಜೋಡಿ ಮನೆಗಳು. ಅದೇ ಅಳತೆ, ಅದೇ ಬಾಗಿಲು, ಸೋರುವ ಮೂಲೆಯೂ ಅದೇ. ಮಾಲೀಕ ವೆಂಕಣ್ಣ ಅರವತ್ತು ಲಕ್ಷ ಕೇಳಿದ. ಯಾಕೆಂದರೆ ಹೋದ ವರ್ಷ ಗೌರಕ್ಕನವರು ತಮ್ಮ ಮನೆಯನ್ನು ಐವತ್ತೆಂಟಕ್ಕೆ ಕೊಂಡರಂತೆ. ಹಾಗೆಂದು ಸಾರಿದವನು ಬೇರೆ ಯಾರೂ ಅಲ್ಲ, ಗೌರಕ್ಕನ ಗಂಡ ಶಂಭುಲಿಂಗಪ್ಪ. ವಾಸ್ತುಶಾಂತಿಯ ಪಂಕ್ತಿಯಲ್ಲಿ ಹೋಳಿಗೆಗೆ ತುಪ್ಪ ಬಡಿಸುತ್ತ, ಕೇಳದವರಿಗೂ ಕೇಳಿಸುವಂತೆ ಹೇಳಿದ್ದ.

ಮೇಷ್ಟ್ರ ಬುದ್ಧಿ, ನಾಗರತ್ನಾ ಕಾಗದ ನಂಬಿದಳು. ಅಕ್ಕನ ಮನೆಯ ಋಣಭಾರ ಪತ್ರ ತೆಗೆಸಿದರೆ ಅದರಲ್ಲಿ ಮಾರಾಟದ ಬೆಲೆ ಇಪ್ಪತ್ತಾರು ಲಕ್ಷ ಎಂದಿತ್ತು. ಕುಣಿಯುತ್ತ ಹೋಗಿ ಏಜೆಂಟ್ ಕಮರುದ್ದೀನನಿಗೆ ತೋರಿಸಿದಳು. ಆತ ಕನಿಕರದಿಂದ ನಕ್ಕ. ಅದು ಸರಕಾರಕ್ಕೆ ಹೇಳುವ ದರವಂತೆ. ಊರಿಗೆ ಹೇಳುವುದು ಬೇರೆ, ಕೊಟ್ಟಿದ್ದು ಇನ್ನೂ ಬೇರೆ. ಅಕ್ಕನಿಗೆ ಮನೆ ಮಾರಿದಾತ ಪುಣೆ ಸೇರಿ ಫೋನ್ ಎತ್ತುತ್ತಿರಲಿಲ್ಲ. ಓಣಿಯಲ್ಲಿ ಒಬ್ಬರು ಐವತ್ತು ಎಂದರೆ ಇನ್ನೊಬ್ಬರು ಅರವತ್ತೈದು ಎಂದರು. ತಮ್ಮ ಮನೆಯನ್ನೇ ಮಾರುವ ಯೋಚನೆ ಇದ್ದವರ ಬಾಯಲ್ಲಿ ಎಪ್ಪತ್ತು ಬಂತು. ಕೊಂಡ ಬೆಲೆ ಇಷ್ಟು, ಮಾರಿದ ಬೆಲೆ ಇಷ್ಟು, ಲಾಭವೆಷ್ಟು ಎಂದು ಇಪ್ಪತ್ತು ವರ್ಷ ಮಕ್ಕಳಿಂದ ಲೆಕ್ಕ ಮಾಡಿಸಿದವಳಿಗೆ ತನ್ನ ಮೇಲೇ ಸಿಟ್ಟು ಬಂತು. ಆ ಎರಡು ಬೆಲೆಗಳನ್ನು ಪುಸ್ತಕದವರ ಹೊರತು ಯಾವ ಪುಣ್ಯಾತ್ಮನೂ ಬರೆದುಕೊಡುವುದಿಲ್ಲ ಎಂಬುದು ಅವಳಿಗೆ ಈಗ ತಿಳಿದಿತ್ತು.

ಅಕ್ಕನನ್ನು ಕೇಳಿದರೆ ಅವಳೂ ಐವತ್ತೆಂಟೇ ಎಂದಳು. ಶಂಭುಲಿಂಗಪ್ಪನನ್ನೂ ಎರಡು ಸಲ ಒಬ್ಬನನ್ನೇ ಹಿಡಿದು ಕೇಳಿದಳು. ಎರಡೂ ಸಲ ಅವನು ಫ್ಯಾನಿನ ಕಡೆ ನೋಡಿ, ಅವತ್ತೇ ಹೇಳಿದ್ದೆನಲ್ಲ ಎಂದ. ಊರ ಮುಂದೆ ಏರಿಸಿದ ದರವನ್ನು ನಾದಿನಿಯ ಮುಂದೆ ಇಳಿಸುವುದು ಹೇಗೆ?

ಕಡೆಯ ಮಾತುಕತೆ ರವಿವಾರ ಮುಂಜಾನೆ ಗೌರಕ್ಕನ ಪಡಸಾಲೆಯಲ್ಲೇ ನಡೆಯಿತು. ವೆಂಕಣ್ಣ ಐವತ್ತೇಳಕ್ಕೆ ಇಳಿದು ಅಲ್ಲೇ ಗೂಟ ಹೊಡೆದು ಕೂತ.

"ನಿಮ್ಮ ಮಾಮಾರ ಕುಂತಾರಲ್ರಿ, ಅವರನ್ನ ಕೇಳ್ರಿ. ಅವರಕಿಂತಾ ಒಂದು ಲಕ್ಷ ಕಮ್ಮಿಗೆ ಕೊಡಾಕತ್ತೇನಿ," ಎಂದ.

ಶಂಭುಲಿಂಗಪ್ಪ ಗಂಟಲು ಸರಿಮಾಡಿಕೊಂಡು, ಹೌದು, ಐವತ್ತೆಂಟು ಎಂದ. ನಾಗರತ್ನಾಳ ಮುಖ ನೋಡಿದ. ಅವಳ ಕಣ್ಣಲ್ಲಿ ನೀರು ನಿಂತಿತ್ತು. ಅವನು ನಲವತ್ತು ವರ್ಷ ಹತ್ತಿ ಪೇಟೆಯಲ್ಲಿ ದಲಾಲಿ ಮಾಡಿದವನು. ಹೆಗಲ ಮೇಲಿನ ಟವೆಲ್ ತೆಗೆದು ಅವಳ ಕೈಮೇಲೆ ಹಾಸಿ, ಕೆಳಗಿನಿಂದ ಅವಳ ಬೆರಳು ಹಿಡಿದ. ಟವೆಲ್ ಕೆಳಗೆ ಬೆರಳಲ್ಲಿ ದರ ಹೇಳುವಾಗ ಆ ಕಡೆ ನೋಡಬಾರದು ಎಂಬುದು ಪೇಟೆಯ ಮರ್ಯಾದೆ. ನಾದಿನಿಗೆ ಎಷ್ಟಕ್ಕೆ ಕೇಳಬೇಕೆಂದು ಹೇಳುತ್ತಿದ್ದಾನೆ ಎಂದುಕೊಂಡ ವೆಂಕಣ್ಣ ಗೋಡೆಯ ಕ್ಯಾಲೆಂಡರ್ ಓದತೊಡಗಿದ.

ನಾಗರತ್ನಾ ಹೆಬ್ಬಳ್ಳಿಯ ಒಕ್ಕಲುತನದ ಮನೆಯ ಮಗಳು. ಎತ್ತಿನ ಸಂತೆಯಲ್ಲಿ ಅಪ್ಪನ ಪಕ್ಕ ನಿಂತು ಈ ಬೆರಳಿನ ಮಾತು ಕಲಿತವಳು. ಅವನು ಮೊದಲು ನಾಲ್ಕು ಬೆರಳು ಕೂಡಿಸಿ ಹಿಡಿದ. ಬಿಟ್ಟು, ಒಂದು ಹಿಡಿದ. ನಲವತ್ತೊಂದು. ಈ ಮನೆಗೆ ಅವನು ನಿಜವಾಗಿ ಕೊಟ್ಟದ್ದು.

ಅವಳಿಗೆ ಮೊದಲು ಬಂದದ್ದು ಸಂತೋಷವಲ್ಲ, ಮೈ ಉರಿಯುವಷ್ಟು ಕೋಪ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಸತ್ಯ ಅವಳ ಕೈಗೆ, ಮರ್ಯಾದೆ ಇವನ ಬಾಯಿಗೆ. ಈಗ ಅವಳು ನಲವತ್ತೊಂದು ಎಂದರೆ ವೆಂಕಣ್ಣ ಯಾರು ಹೇಳಿದರು ಎನ್ನುತ್ತಾನೆ, ಇವನು ಮತ್ತೆ ಐವತ್ತೆಂಟು ಎನ್ನುತ್ತಾನೆ. ಅವಳು ಇನ್ನೊಂದು ಕೈಯಿಂದ ಟವೆಲ್ ಕಿತ್ತು ನೆಲಕ್ಕೆ ಒಗೆದಳು. ಪೇಟೆಯಲ್ಲಿ ಯಾವ ಗಂಡಸೂ ಮಾಡದ ಕೆಲಸ ಅದು.

"ವೆಂಕಣ್ಣಾರ, ಇಲ್ಲೆ ನೋಡ್ರಿ. ಮೊದಲ ನಾಕು ಬೆರಳು ಹಿಡದ್ರು, ಈಗ ಒಂದು. ಬಾಯಿಲೆ ಐವತ್ತೆಂಟು, ಕೈಲೆ ನಲವತ್ತೊಂದು. ಖರೇ ಯಾವದು ಅಂತ ನೀವ ಕೇಳ್ರಿ."

ಶಂಭುಲಿಂಗಪ್ಪ ಅವಳ ಬೆರಳು ಬಿಡುವುದನ್ನೂ ಮರೆತು ಕೂತಿದ್ದ. ವೆಂಕಣ್ಣ ಕೇಳಲಿಲ್ಲ, ಆ ಮುಖ ನೋಡಿದ ಮೇಲೆ ಕೇಳುವ ಅಗತ್ಯವಿರಲಿಲ್ಲ. ನಲವತ್ಮೂರಕ್ಕೆ ಮುಗಿಸೋಣ, ನಾಳೆ ಕರಾರು ಪತ್ರ ಬರೆಯೋಣ ಎಂದು ಎದ್ದ. ನಾಗರತ್ನಾಗೆ ಸ್ವಂತ ಮನೆ ಆಗಿತ್ತು. ಎದೆ ಹಗುರಾಗಿ ಅವಳು ಅಕ್ಕನಿಗೆ ಹೇಳಲೆಂದು ಅಡುಗೆಮನೆಯ ಕಡೆ ತಿರುಗಿದಳು.

ಗೌರಕ್ಕ ಬಾಗಿಲಲ್ಲೇ ಇದ್ದಳು. ಚಹಾದ ತಾಟು ಕೈಯಲ್ಲಿತ್ತು. ತಂಗಿಯನ್ನು ಅವಳು ನೋಡಲಿಲ್ಲ, ಗಂಡನನ್ನೇ ನೋಡುತ್ತಿದ್ದಳು.

"ಐವತ್ತೆಂಟಕ್ಕ ರೊಕ್ಕ ಕಮ್ಮಿ ಬೀಳ್ತಾವು ಅಂತ ನನ್ನ ಕೈಯಾಗಿನ ಬಂಗಾರದ ಪಾಟ್ಲಿ ಬಿಚ್ಚಿಸಿಕೊಂಡ್ರಿ," ಎಂದಳು. ದನಿ ಏರಿರಲಿಲ್ಲ. "ಅಕಿಗಿ ಟಾವೆಲ್ ಕೆಳಗರ ಖರೇ ಹೇಳಿದ್ರಿ. ನನಗ ಅದೂ ಇಲ್ಲೇನ್ರಿ?"